ಕ್ಯಾರೋಟಿಡ್ ಸ್ಟೆಂಟಿಂಗ್: ಛತ್ರಿ ಬಿಚ್ಚೋಕೆ ಮುಂಚೆ, ಮಡಚಿದ ಮೇಲೆ

ಕ್ಯಾತ್‌ಲ್ಯಾಬಿಗೆ (ರಕ್ತನಾಳದೊಳಗೆ ಕ್ಯಾತೆಟರ್ ಅನ್ನೋ ಸಣ್ಣ ನಳಿಕೆ ತೂರಿಸಿ ಚಿಕಿತ್ಸೆ ಮಾಡೋ ಕೋಣೆ) ಹೊಸದಾಗಿ ಸೇರಿದ ಹುಡುಗ್ರು ಎರಡನೇ ಮೂರನೇ ಕ್ಯಾರೋಟಿಡ್ ಕೇಸಲ್ಲೇ ಕೇಳ್ತಾರೆ, "ಅಣ್ಣಾ, ಫಿಲ್ಟರ್ ಬಿಚ್ಚಾಯ್ತಲ್ಲ, ಇನ್ನೇನು ಭಯ?" ಅಂತ. ಕ್ಯಾರೋಟಿಡ್ ಅಂದ್ರೆ ಮಿದುಳಿಗೆ ಹೋಗೋ ಕುತ್ತಿಗೆ ರಕ್ತನಾಳ, ಅದರಲ್ಲಿ ಕಟ್ಟಿರೋ ಪ್ಲಾಕ್ (ಕೊಬ್ಬಿನ ಗಡ್ಡೆ) ಮೇಲೆ ಬಲೂನ್ ಉಬ್ಬಿಸಿ ಸ್ಟೆಂಟ್ ಕೂರಿಸುವಾಗ ಅದರ ಚೂರು ಕಿತ್ಕೊಂಡು ಹೊರಟ್ರೆ ಸೀದಾ ಮಿದುಳಿಗೇ ಹೋಗತ್ತೆ, ಅದನ್ನ ಹಿಡಿಯೋಕೇ ಮೇಲ್ಗಡೆ ಆ ಪುಟ್ಟ ಛತ್ರಿ, ಅಂದ್ರೆ ಫಿಲ್ಟರ್. ಆದ್ರೆ ಛತ್ರಿ ಬಿಚ್ಚೋದು ಕೇಸಿನ ನಡುವಲ್ಲಿ, ಅದಕ್ಕೂ ಮುಂಚೆ ಬಿದ್ದ ಹನಿಗೆ ಅದೇನು ಮಾಡತ್ತೆ? ಹಾಗಾಗಿ ಕೇಸಿಗೆ ಮುಂಚಿನ ದಿನಗಳಿಂದಲೇ ಶುರು ಮಾಡ್ತೀನಿ. ಕೇಸ್ ಮಾಡೋದು ಡಾಕ್ಟರ್ರೇ, ತೀರ್ಮಾನಾನೂ ಅವರದ್ದೇ, ಆದ್ರೆ ಟೇಬಲ್ ಸುತ್ತ ನಿಂತೋರ ಕೈಲೂ ಬೇಕಾದಷ್ಟು ಇರತ್ತೆ.

ಮೊದಲು ಮಾತ್ರೆ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಕೇಸಿಗೆ ಕೆಲವು ದಿನ ಮುಂಚೆಯಿಂದಲೇ ಹೊಟ್ಟೆಗೆ ಹೋಗ್ತಿರ್ಬೇಕು, ಜೊತೆಗೆ ಕೊಲೆಸ್ಟ್ರಾಲ್ ಇಳಿಸೋ ಸ್ಟಾಟಿನ್. ಫೈಲಲ್ಲಿ ಟಿಕ್ ಇದ್ರೆ ಸಾಲ್ದು, ಪೇಷಂಟ್ ಬಾಯಲ್ಲೇ ಕೇಳಿ. ಒಂದ್ಸಲ ಒಬ್ರು ಅಜ್ಜ ಟೇಬಲ್ ಮೇಲೆ ಮಲಗಿಸಿದ್ಮೇಲೆ "ಒಂದು ಮಾತ್ರೆ ಹೊಟ್ಟೆ ಉರಿತಿತ್ತು ಅಂತ ಬಿಟ್ಬಿಟ್ಟೆ" ಅಂದ್ರು. ಕೇಸ್ ಮುಂದಕ್ಕೆ ಹೋಯ್ತು, ಮಗ ರೇಗಾಡ್ದ, ರೇಗಾಡ್ಲಿ ಬಿಡಿ, ಹೊಸ ಸ್ಟೆಂಟಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಅದು ಪ್ಲಾಕ್ ಚೂರಿಗಿಂತ ದೊಡ್ಡ ತಲೆನೋವು.

ಆಮೇಲೆ ಸಿಟಿ ಆಂಜಿಯೋ, ಡೈ ಹಾಕಿ ರಕ್ತನಾಳ ತೋರಿಸೋ ಸ್ಕ್ಯಾನ್. ನಾವು ಬರೀ ಬ್ಲಾಕ್ ಎಷ್ಟು ಪರ್ಸೆಂಟ್ ಅಂತ ನೋಡಿ ಸುಮ್ಮನಾಗ್ತೀವಿ, ಆದ್ರೆ ನೋಡ್ಬೇಕಿರೋದು ಆರ್ಚ್ (ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಬಾಗೋ ಕಮಾನು) ಹೇಗಿದೆ, ಬ್ಲಾಕಿನ ಮೇಲ್ಗಡೆ ಫಿಲ್ಟರ್ ಕೂರೋಕೆ ನೆಟ್ಟಗಿರೋ ಜಾಗ ಇದೆಯಾ, ಪ್ಲಾಕ್ ಮೆತ್ತಗಿದೆಯಾ, ಇನ್ನೊಂದು ಕಡೆ ಕ್ಯಾರೋಟಿಡ್ ತೆರೆದಿದೆಯಾ ಅಂತ. ವಯಸ್ಸಾದೋರ ಆರ್ಚ್ ಕೆಲವರಲ್ಲಿ ಉದ್ದಕ್ಕೆ ಎಳೆದು ಕೆಳಗೆ ಜೋತುಬಿದ್ದಿರತ್ತೆ, ಒಳಗೋಡೆ ತುಂಬ ಕ್ಯಾಲ್ಸಿಯಂ, ಅಲ್ಲಿ ಕ್ಯಾತೆಟರ್ ಹತ್ತಿಸೋಕೆ ತಿರುಗಿಸಿ ತಿರುಗಿಸಿ ಒದ್ದಾಡೋ ಪ್ರತಿ ನಿಮಿಷಾನೂ ರಿಸ್ಕೇ. ಕೇಸ್ ಆದ್ಮೇಲೆ ಎಂಆರ್‌ಐ ಮಾಡಿಸಿದ್ರೆ ಒಮ್ಮೊಮ್ಮೆ ಸ್ಟೆಂಟ್ ಹಾಕದೇ ಇರೋ ಕಡೆಯ ಮಿದುಳಲ್ಲೂ ಸಣ್ಣ ಚುಕ್ಕೆ ಕಾಣತ್ತಲ್ಲ, ಅದು ಸಾಮಾನ್ಯವಾಗಿ ಈ ಆರ್ಚ್‌ನಿಂದ ಎದ್ದ ಧೂಳೇ. ಆರ್ಚ್ ತೀರಾ ಕೆಟ್ಟದಾಗಿದ್ರೆ ಹಠ ಮಾಡ್ದೆ ಸರ್ಜನ್ ಹತ್ರ ಕಳಿಸೋರೇ ಜಾಣರು ಅಂತ ನನ್ನ ಅಭಿಪ್ರಾಯ. ಸ್ಟೆಂಟನ್ನೂ ಸರ್ಜರೀನೂ ಹೋಲಿಸಿದ 2010ರ ಕ್ರೆಸ್ಟ್ ಸ್ಟಡೀಲಿ ಪ್ರೊಸೀಜರ್ ಆಸುಪಾಸಿನ ಸ್ಟ್ರೋಕ್ ಸ್ಟೆಂಟಲ್ಲಿ 4.1%, ಸರ್ಜರೀಲಿ 2.3%, ಹಾರ್ಟ್ ಅಟ್ಯಾಕ್ ಮಾತ್ರ ಉಲ್ಟಾ, ಸ್ಟೆಂಟಲ್ಲಿ 1.1%, ಸರ್ಜರೀಲಿ 2.3%. ಯಾರಿಗೆ ಯಾವುದು ಅನ್ನೋದೇ ಅರ್ಧ ಪ್ರೊಟೆಕ್ಷನ್.

ಈಗ ನಮ್ಮ ಕೈಗೆ ಬರೋ ವಿಷ್ಯ, ಗಾಳಿ. ಬಬಲ್ ಕೂಡ ಎಂಬೋಲಿಸಮ್ಮೇ, ಅಂದ್ರೆ ರಕ್ತದಲ್ಲಿ ತೇಲಿ ಹೋಗಿ ನಾಳ ಮುಚ್ಚೋದು, ಅದನ್ನ ತಂದು ಹಾಕೋದು ಪ್ಲಾಕ್ ಅಲ್ಲ, ನಾವೇ. ಫಿಲ್ಟರ್ ಪ್ಯಾಕ್ ಒಡೆದು ಸಲೈನ್ ಬೌಲಲ್ಲಿ ಮುಳುಗಿಸಿಟ್ಟೇ ಫ್ಲಶ್ ಮಾಡಿ, ನೀರೊಳಗೇ ಅದರ ಶೀತ್ (ಹೊರಕವಚದ ನಳಿಕೆ) ಒಳಗೆ ಎಳ್ಕೊಳ್ಳಿ, ಮೇಲೆತ್ತಿ ಎಳೆದ್ರೆ ಗಾಳೀನೂ ಜೊತೆಗೆ ಹೋಗತ್ತೆ. ಸಿರಿಂಜ್ ಜೋಡಿಸುವಾಗ ಎರಡೂ ತುದೀಲಿ ಸಲೈನ್ ತುಳುಕ್ತಿರ್ಬೇಕು, ಹನಿಗೆ ಹನಿ ತಾಗಿದ್ಮೇಲೇ ತಿರುಗಿಸೋದು, ಸಿರಿಂಜ್ ನೆಟ್ಟಗೆ ಹಿಡೀರಿ, ಪೂರ್ತಿ ಖಾಲಿ ಮಾಡ್ಬೇಡಿ, ಕೊನೇ ಒಂದೆರಡು ಎಂಎಲ್ ಒಳಗೇ ಇರ್ಲಿ. ನಾನು ಹೊಸಬನಿದ್ದಾಗ ಸೀನಿಯರ್ ಸಿಸ್ಟರ್ ಒಬ್ರು ನನ್ನ ಕೈಲಿ ಇದನ್ನ ಬರೀ ಬೌಲ್ ಮುಂದೆ ನಿಲ್ಲಿಸಿ ಇಪ್ಪತ್ತು ಸಲ ಮಾಡಿಸಿದ್ರು, ಆಗ ಸಿಟ್ಟು ಬಂದಿತ್ತು.

ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಟ್ಟು ಎಸಿಟಿ (ರಕ್ತ ಹೆಪ್ಪುಗಟ್ಟೋಕೆ ಹಿಡಿಯೋ ಸಮಯ) 250ರಿಂದ 300 ಸೆಕೆಂಡ್ ಬರೋವರೆಗೂ ಬ್ಲಾಕ್ ದಾಟೋಕೆ ಹೋಗೋ ಹಾಗಿಲ್ಲ. ಅದಕ್ಕೂ ಮುಂಚೆ ತಲೆಯೊಳಗಿನ ರಕ್ತನಾಳಗಳ ಆಂಜಿಯೋ ಎರಡು ವ್ಯೂ ತೆಗೆದಿಟ್ಕೊಳ್ಳಿ. ಸ್ವಲ್ಪ ಹೊತ್ತಾದ್ಮೇಲೆ ಪೇಷಂಟ್ ಮಾತು ತೊದಲಿದ್ರೆ ಯಾವ ಕೊಂಬೆ ಮುಚ್ಚಿದೆ ಅಂತ ಹೋಲಿಸೋಕೆ ಆ ಚಿತ್ರಾನೇ ಗತಿ, ಅವಾಗ ಹುಡುಕ್ತಾ ಕೂತ್ರೆ ಆಗಲ್ಲ.

ಫಿಲ್ಟರ್ ತಂತಿ 0.014 ಇಂಚಿಂದು, ಅದರ ಜರಡಿ ತೂತು ಆಂಜಿಯೋಗಾರ್ಡ್ ಅನ್ನೋ ಬ್ರ್ಯಾಂಡಲ್ಲಿ 100 ಮೈಕ್ರಾನ್, ಫಿಲ್ಟರ್‌ವೈರ್ ಅನ್ನೋದ್ರಲ್ಲಿ 110. ಅಂದ್ರೆ ಅದಕ್ಕಿಂತ ಸಣ್ಣ ಧೂಳು ಆರಾಮಾಗಿ ದಾಟತ್ತೆ. ಇನ್ನೊಂದು ತಮಾಷೆ ನೋಡಿ, ಫಿಲ್ಟರ್ ಮಡಚ್ಕೊಂಡು ಬ್ಲಾಕ್ ದಾಟುವಾಗ ಅದಕ್ಕೇ ಯಾವ ಪ್ರೊಟೆಕ್ಷನ್ನೂ ಇಲ್ಲ, ಹಾಗಾಗಿ ಆ ಒಂದು ನಿಮಿಷ ಮೆಲ್ಲಗೆ, ದಬ್ಬಿ ತೂರಿಸೋದಲ್ಲ. ಮೇಲೆ ನೆಟ್ಟಗಿರೋ ಜಾಗದಲ್ಲಿ ಬಿಚ್ಚಿದ್ಮೇಲೆ ಬಾಯಿ ಸುತ್ತ ಗೋಡೆಗೆ ಅಂಟಿದೆಯಾ ಅಂತ ಆಂಜಿಯೋ ಮಾಡಿ ನೋಡ್ಬೇಕು, ತಿರುವಲ್ಲಿ ಕೂತಿದ್ರೆ ಒಂದು ಪಕ್ಕ ಸಂದಿ ಇರತ್ತೆ, ಆ ಸಂದೀಲಿ ಎಲ್ಲಾ ನುಸುಳತ್ತೆ.

ಪ್ಲಾಕ್ ತುಂಬಾ ಮೆತ್ತಗಿದ್ರೆ ಇನ್ನೊಂದು ದಾರಿ ಇದೆ, ಬ್ಲಾಕ್ ದಾಟೋಕೆ ಮುಂಚೇನೇ ರಕ್ತದ ಓಟ ನಿಲ್ಲಿಸೋದು. ಹಳೇ ಐಡಿಯಾನೇ, 1990ರಲ್ಲಿ ಫ್ರಾನ್ಸಿನ ತೆರೋನ್ ಬ್ಲಾಕಿನ ಮೇಲ್ಗಡೆ ಬಲೂನ್ ಉಬ್ಬಿಸಿ ಮಾಡಿದ್ರು, ಅರ್ಜೆಂಟೀನಾದ ಪರೋಡಿ ಓಟಾನೇ ಹಿಂದಕ್ಕೆ ತಿರುಗಿಸಿದ್ರು. ಮೋಮಾ ಅನ್ನೋ ಡಿವೈಸಲ್ಲಿ ಕಾಮನ್ ಕ್ಯಾರೋಟಿಡಲ್ಲೊಂದು, ಮುಖದ ಕಡೆ ಹೋಗೋ ಕೊಂಬೆಯಾದ ಎಕ್ಸ್‌ಟರ್ನಲಲ್ಲೊಂದು ಬಲೂನ್, ಮಧ್ಯೆ ರಕ್ತ ನಿಂತ ನೀರಿನ ಹಾಗೆ. ಸ್ಟೆಂಟ್ ಎಲ್ಲ ಆದ್ಮೇಲೆ 20 ಎಂಎಲ್ ಸಿರಿಂಜಲ್ಲಿ ಮೂರು ಸಲ ಎಳೆದು ಜರಡಿ ಮೇಲೆ ಸುರೀಬೇಕು, ಮೂರನೇದ್ರಲ್ಲೂ ಚೂರು ಕಂಡ್ರೆ ಇನ್ನೂ ಎಳೀಬೇಕು, ಪೂರ್ತಿ ಕ್ಲಿಯರ್ ಬಂದ್ಮೇಲೇ ಬಲೂನ್ ಇಳಿಸೋದು. ಆದ್ರೆ ಇನ್ನೊಂದು ಕಡೆಯ ಕ್ಯಾರೋಟಿಡ್ ಮುಚ್ಚಿರೋರಿಗೆ ಇದು ಆಗ್ಬರಲ್ಲ, ಅವರ ಮಿದುಳು ಅಷ್ಟು ಹೊತ್ತು ತಡೆಯಲ್ಲ.

ಚೂರು ಜಾಸ್ತಿ ಏಳೋದು ಸ್ಟೆಂಟ್ ಬಿಡುವಾಗ, ಅದರ ಮೇಲೆ ಮತ್ತೆ ಬಲೂನ್ ಉಬ್ಬಿಸುವಾಗ. ಇಲ್ಲಿ ಆಸೆ ಕೆಟ್ಟದ್ದು. ನಾಳ ಸ್ವಲ್ಪ ಸಣ್ಣ ಉಳಿದ್ರೂ ಪರ್ವಾಗಿಲ್ಲ. ಚಿತ್ರ ಚೆಂದ ಕಾಣ್ಲಿ ಅಂತ ಮತ್ತೆ ಮತ್ತೆ ಉಬ್ಬಿಸಿದ್ರೆ ಸ್ಟೆಂಟಿನ ಕಣ್ಣಿಂದ ಪ್ಲಾಕ್ ತುರಿದ ಹಾಗೆ ಹೊರಗೆ ಬರತ್ತೆ. ಬಲೂನ್ ಏರ್ತಿದ್ದ ಹಾಗೇ ಹಾರ್ಟ್‌ರೇಟ್ ದಢಕ್ಕಂತ ಇಳಿಯಬಹುದು, ಅದನ್ನ ಏರಿಸೋ ಅಟ್ರೋಪಿನ್ ಸಿರಿಂಜಲ್ಲಿ ತುಂಬಿ ರೆಡಿ ಇರ್ಲಿ. ಪೇಷಂಟನ್ನ ನಿದ್ದೆ ಮಾಡ್ಸೋದು ಬೇಡ. ಎಡಗಡೆ ಕೇಸಾದ್ರೆ ಬಲಗೈಗೆ ಪೀಪೀ ಅನ್ನೋ ರಬ್ಬರ್ ಬಾತುಕೋಳಿ ಕೊಡಿ, "ಅಜ್ಜಾ, ಒಂದ್ಸಲ ಅದುಮಿ ನೋಡೋಣ" ಅಂದ್ರೆ ಶಬ್ದ ಬರ್ಬೇಕು. ನಮ್ಮಲ್ಲಿರೋ ಬಾತುಕೋಳಿ ಬಣ್ಣ ಹೋಗಿದೆ, ಆದ್ರೂ ಅದರಷ್ಟು ನಂಬಿಕೆಯ ಮಾನಿಟರ್ ಇನ್ನೊಂದಿಲ್ಲ.

ಸ್ಟೆಂಟ್ ಆದ್ಮೇಲೆ ಡೈ ಮೇಲೆ ಹೋಗದೆ ನಿಂತ್ರೆ ಗಾಬರಿಯಾಗಿ ಫಿಲ್ಟರ್ ಎಳೀಬಾರ್ದು, ಬಹುಶಃ ಫಿಲ್ಟರಿನ ಬುಟ್ಟಿ ತುಂಬಿದೆ. ಬುಟ್ಟಿ ಕೆಳಗೆ ನಿಂತ ರಕ್ತದಲ್ಲೂ ಚೂರು ತೇಲ್ತಿರತ್ತೆ, ಮೊದಲು ಆಸ್ಪಿರೇಷನ್ ಕ್ಯಾತೆಟರ್ ಹಾಕಿ ಅದನ್ನ ಎಳೆದು ಆಮೇಲೆ ಬುಟ್ಟಿ ಬಾಯಿ ಮುಚ್ಚೋದು. ಬರೀ ಸ್ಪಾಸಮ್ (ನಾಳ ಬಿಗಿಹಿಡಿಯೋದು) ಆಗಿದ್ರೆ ಬಿಪಿ ನೋಡ್ಕೊಂಡು ನಾಳ ಸಡಿಲಿಸೋ ನೈಟ್ರೋಗ್ಲಿಸರಿನ್. ಫಿಲ್ಟರ್ ವಾಪಸ್ ತರೋ ನಳಿಕೆ, ರಿಟ್ರೀವಲ್ ಶೀತ್, ಸ್ಟೆಂಟಿಗೆ ಸಿಕ್ಕಾಕೊಂಡ್ರೆ ಜಗ್ಗಬೇಡಿ, ಕುತ್ತಿಗೆ ಸ್ವಲ್ಪ ಆ ಕಡೆ ತಿರುಗಿಸೋಕೆ ಹೇಳಿ, ಸುಮಾರು ಸಲ ಅಷ್ಟಕ್ಕೇ ಬಿಡತ್ತೆ. ಹೊರಗೆ ಬಂದ ಬುಟ್ಟೀನ ಬಿಳಿ ಗಾಜ್ ಬಟ್ಟೆ ಮೇಲೆ ತೊಳೆದು ನೋಡಿ, ಹಳದಿ ಬಣ್ಣದ ಕಾಳು, ಗಸಗಸೆಗಿಂತ ಸಣ್ಣವು, ಸುಮಾರು ಸಲ ನಾಕೈದು ಕಾಣತ್ತೆ.

ಛತ್ರಿ ಮಡಚಿದ್ಮೇಲೂ ಮಳೆ ನಿಂತಿರಲ್ಲ. ಸ್ಟೆಂಟಿನ ಕಣ್ಣುಗಳ ಮಧ್ಯದಿಂದ ಪ್ಲಾಕ್ ಆಮೇಲೂ ಇಣುಕತ್ತೆ, ಸಿಗಾರ್ಡ್, ರೋಡ್‌ಸೇವರ್ ಥರದ ಎರಡು ಪದರದ ಬಲೆ ಇರೋ ಸ್ಟೆಂಟ್ ಬಂದಿದ್ದೇ ಅದಕ್ಕೆ. ರಾತ್ರಿ ಐಸಿಯುನಲ್ಲಿ ಗಂಟೆಗಂಟೆಗೂ ಮುಖ, ಕೈ, ಮಾತು ನೋಡ್ಬೇಕು, ಡಾಕ್ಟರ್ ಬರೆದ ಗೆರೆ ದಾಟಿ ಬಿಪಿ ಏರೋಕೆ ಬಿಡಬಾರ್ದು, ಸ್ಟೆಂಟ್ ಹಾಕಿದ ಕಡೆಯೇ ತಲೆ ಸಿಡೀತಿದೆ ಅಂದ್ರೆ ಮಾತ್ರೆ ಕೊಟ್ಟು ಮಲಗಿಸ್ದೆ ಡಾಕ್ಟರನ್ನ ಕರೀಬೇಕು, ವರ್ಷಗಟ್ಟಲೆ ಕಮ್ಮಿ ರಕ್ತ ಕಂಡ ಮಿದುಳಿಗೆ ಒಮ್ಮೆಲೇ ನುಗ್ಗಿದ್ರೂ ಅಪಾಯವೇ.

ಡಿಸ್ಚಾರ್ಜ್ ದಿನ ಮನೆಯೋರ ಹತ್ರ ನಾನು ಹೇಳೋದು ಮಾತ್ರೆ ವಿಷ್ಯ ಒಂದೇ. ಎರಡೂ ಮಾತ್ರೆ ಕಮ್ಮಿ ಅಂದ್ರೆ ನಾಲ್ಕು ವಾರ, ಆಮೇಲೂ ಎರಡರಲ್ಲಿ ಒಂದು ಮಾತ್ರೆ ಮುಂದುವರೀತಾನೇ ಇರತ್ತೆ. ಹಲ್ಲು ಕೀಳಿಸೋಕೆ ಹೋದಾಗ "ನಾಲ್ಕು ದಿನ ನಿಲ್ಸಿ" ಅಂದ್ರೆ ನಿಲ್ಲಿಸೋಕೆ ಮುಂಚೆ ಸ್ಟೆಂಟ್ ಹಾಕಿದ ಡಾಕ್ಟರಿಗೆ ಒಂದು ಫೋನ್ ಮಾಡಿ.