ದಕ್ಕೆಯಿಂದ ತಂದ ಬೊಂಡಾಸ

"ಕ್ಲೀನ್ ಮಾಡಿ ಕೊಡಬೇಕಾ ಮಾಷ್ಟ್ರೇ?" ಎಂದು ಮಂಗಳೂರಿನ ಮೀನುಗಾರಿಕಾ ಬಂದರು ದಕ್ಕೆಯಲ್ಲಿ ಮೀನು ಮಾರುವ ಅಕ್ಕ ಕೇಳಿದರು. ಬೇಡವೇ ಬೇಡ ಎಂದೆ. ನನಗೆ ಬೇಕಿದ್ದುದು ಸುಕ್ಕ ಅಲ್ಲ, ಬೊಂಡಾಸದ, ಅಂದರೆ ಸ್ಕ್ವಿಡ್‌ನ ನರ.

ಪದವಿ ತರಗತಿಗೆ ನರಕೋಶದೊಳಗಿನ ಸಾಗಾಟವನ್ನು ಬರೀ ಚಿತ್ರ ಬರೆದು ಕಲಿಸಿ ಬೇಸತ್ತಿದ್ದೆ. ಬೊಂಡಾಸವನ್ನು ನೀರು ಚಿಮ್ಮುವ ಕೊಳವೆಯ ಬದಿಯಿಂದ ಉದ್ದಕ್ಕೆ ಸೀಳಿ ಒಳಾಂಗಗಳನ್ನು ಸರಿಸಿದರೆ, ಮೈಚೀಲದ ಒಳಗೋಡೆಯಲ್ಲಿ ಎರಡೂ ಕಡೆ ನಕ್ಷತ್ರದಾಕಾರದ ನರಗಂಟು ಕಾಣುತ್ತದೆ. ಅಲ್ಲಿಂದ ಬಾಲದತ್ತ ಹೋಗುವ ದಪ್ಪ ನರದೊಳಗೆ ದೈತ್ಯ ಆಕ್ಸಾನ್, ಅಂದರೆ ನರಕೋಶದ ಉದ್ದನೆಯ ಎಳೆ, ಇರುತ್ತದೆ. ಮಂಜುಗಡ್ಡೆಯಲ್ಲಿ ಮೆತ್ತಗಾಗಿದ್ದ ಮೊದಲ ಎರಡರ ನರ ಚಿಮಟ ತಾಗಿದ ಕೂಡಲೇ ಹರಿಯಿತು. ಮೂರನೆಯದು ಕೈಗೆ ಬಂತು.

ಸೂಕ್ಷ್ಮದರ್ಶಕದಲ್ಲಿ ಇಣುಕಿದ ಹುಡುಗಿಯೊಬ್ಬಳು, "ಏನೂ ಅಲುಗಾಡುವುದಿಲ್ಲವಲ್ಲ ಸರ್" ಎಂದಳು.

ಸರಿಯೇ. ಸೂಕ್ಷ್ಮನಳಿಕೆಗಳೆಂಬ ಹಳಿಗಳ ಮೇಲೆ ಸರಕು ಹೊರುವ ಪ್ರೋಟೀನುಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಬೇಕು. ಸತ್ತ ಬೊಂಡಾಸದಲ್ಲಿ ಅದು ಮುಗಿದಿರುತ್ತದೆ. ಇದ್ದಿದ್ದರೂ ನಮ್ಮ ಹಳೆಯ ಸೂಕ್ಷ್ಮದರ್ಶಕಕ್ಕೆ ಆ ಚಲನೆ ಕಾಣುತ್ತಿರಲಿಲ್ಲ, ಬಿಡಿ. 1980ರ ದಶಕದಲ್ಲಿ ಸಂಶೋಧಕರು ಇಂಥದೇ ಆಕ್ಸಾನಿನ ತಿರುಳನ್ನು ಟೂತ್‌ಪೇಸ್ಟಿನಂತೆ ಹೊರಕ್ಕೆ ಹಿಂಡಿ, ಎಟಿಪಿ ಕೊಟ್ಟಾಗ ಒಳಗಿನ ಕಣಗಳು ಓಡುವುದನ್ನು ಕಂಡರು. ಕೋಶದಿಂದ ತುದಿಯತ್ತ ಸರಕು ಒಯ್ಯುವ ಕೈನೆಸಿನ್ ಪತ್ತೆಯಾದದ್ದು 1985ರಲ್ಲಿ, ಅದೇ ತಿರುಳಿನಿಂದ. ಹಿಂದಕ್ಕೆ ತರುವುದು ಡೈನೀನ್.

ಬಳಿಕ ಲೆಕ್ಕ ಹಾಕಿಸಿದೆ. ಸರಕು ತುಂಬಿದ ಕಿರುಚೀಲಗಳು ದಿನಕ್ಕೆ 400 ಮಿಲಿಮೀಟರ್‌ವರೆಗೆ ಸಾಗುತ್ತವೆ. ಬೆನ್ನುಹುರಿಯಿಂದ ಪಾದಕ್ಕೆ ಒಂದು ಮೀಟರ್ ಎಂದರೆ ಎರಡೂವರೆ ದಿನ. ಕೋಶದ ಅಸ್ಥಿಪಂಜರದಂತಿರುವ ನ್ಯೂರೋಫಿಲಮೆಂಟುಗಳದ್ದು ದಿನಕ್ಕೆ ಒಂದು ಮಿಲಿಮೀಟರಿನ ಆಸುಪಾಸು. ಎರಡೂವರೆ ವರ್ಷ ಮೀರುತ್ತದೆ!

"ಅವುಗಳ ಎಂಜಿನ್ ದುರ್ಬಲವೇ ಸರ್?" ಮತ್ತೆ ಅದೇ ಹುಡುಗಿ.

ಹೌದೆಂದೇ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಈ ಸಲ ಓದಿಕೊಂಡು ಹೋಗಿದ್ದೆ. ಅವಳು ದಿನವೂ ಉಡುಪಿಯಿಂದ ಬರುವವಳು. "ಎಕ್ಸ್‌ಪ್ರೆಸ್ ಬಿಟ್ಟು ಸರ್ವಿಸ್ ಬಸ್ ಹತ್ತಿದರೆ ಏಕೆ ತಡವಾಗುತ್ತದೆ?" ಎಂದು ಕೇಳಿದೆ. "ಸಿಕ್ಕಿದಲ್ಲೆಲ್ಲ ನಿಲ್ಲಿಸುತ್ತಾರೆ, ಹೊರಟರೆ ಮಾತ್ರ ಅದೇ ಓಟ" ಎಂದಳು. ನ್ಯೂರೋಫಿಲಮೆಂಟುಗಳೂ ಹಾಗೆಯೇ: ಓಡುವಾಗ ಬಿರುಸಾಗಿಯೇ ಓಡುತ್ತವೆ, ಆದರೆ ಬಹುಪಾಲು ಹೊತ್ತು ನಿಂತೇ ಇರುತ್ತವೆ.

ಟಿಪ್ಪಣಿ ಪುಸ್ತಕದಲ್ಲಿ "ನಿಧಾನದ ಮೋಟಾರು" ಎಂದಿದ್ದುದನ್ನು ಅಂದೇ ಹೊಡೆದು ಹಾಕಿದೆ. ಹಿಂದಿನ ಬ್ಯಾಚುಗಳವರ ಪುಸ್ತಕದಲ್ಲಿ ಅದು ಹಾಗೆಯೇ ಇದೆ.