ಆಂಟೆನಾ ಟಿವಿ ಚೌಕ ಚೌಕವಾಗಿ ಒಡೆಯುತ್ತಿದೆಯಾ? ಬೂಸ್ಟರ್ ಕೊಳ್ಳುವ ಮೊದಲು ಇದನ್ನು ಓದಿ

ಚಿತ್ರ ಒಡೆದ ತಕ್ಷಣ ರೀಸ್ಕ್ಯಾನ್, ಅಂದರೆ ಚಾನೆಲ್‌ಗಳನ್ನು ಮತ್ತೆ ಹುಡುಕುವ ಬಟನ್, ಒತ್ತಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಊರು ಬಿಟ್ಟು ಹೊರದೇಶಕ್ಕೆ ಹೊಸದಾಗಿ ಬಂದ ನಮ್ಮವರ ಮನೆಗಳಲ್ಲಿ ಜಾಸ್ತಿ ನೋಡುವುದು ಇದನ್ನೇ. ಸಿಗ್ನಲ್ ಇಲ್ಲದ ಹೊತ್ತಿನಲ್ಲಿ ರೀಸ್ಕ್ಯಾನ್ ಮಾಡಿದರೆ ಎಷ್ಟೋ ಟಿವಿಗಳು ಹಳೆಯ ಚಾನೆಲ್ ಪಟ್ಟಿಯನ್ನೂ ಅಳಿಸಿಬಿಡುತ್ತವೆ. ಆಮೇಲೆ ಸಿಗ್ನಲ್ ವಾಪಸ್ ಬಂದರೂ ತೋರಿಸಲು ಏನೂ ಉಳಿದಿರುವುದಿಲ್ಲ.

ನಾವೆಲ್ಲ ಕೇಬಲ್, ಡಿಶ್ ನೋಡಿಕೊಂಡು ಬಂದವರು ಅಲ್ವಾ. ಡಿಶ್ ಆಕಾಶದ ಕಡೆ ಮುಖ ಮಾಡುತ್ತದೆ, ಜೋರು ಮಳೆ ಬಂದರೆ ಹೋಗುತ್ತದೆ. ಈ ಆಂಟೆನಾ ನೆಲದ ಮೇಲಿನ ಟವರ್ ಕಡೆ ಮುಖ ಮಾಡುತ್ತದೆ. ಇದಕ್ಕೆ ಮಳೆಗಿಂತ, ಗಾಳಿಯಿಲ್ಲದ ತಿಳಿ ದಿನಗಳು ಕೆಲವೊಮ್ಮೆ ಕಷ್ಟ. ಗಾಳಿಯ ಒತ್ತಡ ಹೆಚ್ಚಿದಾಗ ದೂರದ ಯಾವುದೋ ಟವರಿನ ಸಿಗ್ನಲ್ ಇಲ್ಲಿಯವರೆಗೂ ಬಂದು ನಿಮ್ಮ ಟವರಿನದಕ್ಕೆ ಅಡ್ಡಬರುತ್ತದೆ. ಅಂಥ ದಿನ ಏನನ್ನೂ ಮುಟ್ಟಬೇಡಿ, ಹವೆ ಬದಲಾದರೆ ತಾನಾಗಿ ಸರಿಹೋಗುತ್ತದೆ.

ಹಳೆಯ ಅನಲಾಗ್ ಟಿವಿಯಲ್ಲಿ ಸಿಗ್ನಲ್ ಕಮ್ಮಿಯಾದರೆ ಚುಕ್ಕೆ ಚುಕ್ಕೆ ಬರುತ್ತಿತ್ತು, ಆದರೂ ನೋಡಬಹುದಿತ್ತು. ಡಿಜಿಟಲ್ ಹಾಗಲ್ಲ. ಸಿಗ್ನಲ್ಲಿನ ತಪ್ಪುಗಳನ್ನು ಟಿವಿ ಒಂದು ಮಟ್ಟದವರೆಗೆ ತಾನೇ ತಿದ್ದಿಕೊಂಡು ಅಚ್ಚುಕಟ್ಟಾದ ಚಿತ್ರ ಕೊಡುತ್ತದೆ. ಆ ಮಟ್ಟ ದಾಟಿತೋ, ಒಮ್ಮೆಲೇ ಚೌಕಗಳು, ತುಂಡು ತುಂಡು ದನಿ, ಆಮೇಲೆ ಖಾಲಿ ಪರದೆ. ಅಂದರೆ ನಿನ್ನೆ ಚೆನ್ನಾಗಿತ್ತು ಅನ್ನುವ ಚಿತ್ರ ಆಗಲೇ ಅಂಚಿನಲ್ಲಿ ಇದ್ದಿರಬಹುದು.

ಅದಕ್ಕೇ ಕಣ್ಣಳತೆ ಸಾಲದು. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಸಿಗ್ನಲ್ ಪುಟ ಹುಡುಕಿ. ಅಲ್ಲಿ ಸಾಮಾನ್ಯವಾಗಿ ಸ್ಟ್ರೆಂತ್ (ಸಿಗ್ನಲ್ ಎಷ್ಟು ಜೋರಾಗಿದೆ), ಕ್ವಾಲಿಟಿ (ಎಷ್ಟು ಶುದ್ಧವಾಗಿದೆ) ಅಂತ ಎರಡು ಅಂಕಿ ಇರುತ್ತವೆ, ಬರೆದಿಟ್ಟುಕೊಳ್ಳಿ. ಎರಡೂ ಕಮ್ಮಿ ಇದ್ದರೆ ಕೇಬಲ್, ಪಿನ್, ಆಂಟೆನಾ ಕಡೆ ನೋಡಿ. ಸ್ಟ್ರೆಂತ್ ತುಂಬಾ ಇದ್ದು ಕ್ವಾಲಿಟಿ ಬಿದ್ದಿದ್ದರೆ ಏನೋ ಅಡ್ಡಬರುತ್ತಿದೆ, ಇಲ್ಲವೇ ಸಿಗ್ನಲ್ಲೇ ಅತಿಯಾಗಿದೆ. ಟವರ್ ಹತ್ತಿರದ ಮನೆಗೆ ಬೂಸ್ಟರ್, ಅಂದರೆ ಸಿಗ್ನಲ್ ಹೆಚ್ಚಿಸುವ ಸಾಧನ, ಹಾಕಿದರೆ ಆಗುವುದು ಇದೇ. ಇನ್ನೊಂದು ಸುಳಿವು: ಚಾನೆಲ್‌ಗಳು ಒಂದೊಂದಾಗಿ ಬರುವುದಿಲ್ಲ, ಹಲವು ಚಾನೆಲ್ ಸೇರಿ ಒಂದೇ ಫ್ರೀಕ್ವೆನ್ಸಿಯಲ್ಲಿ ಬರುತ್ತವೆ. ಕೆಲವು ಮಾತ್ರ ಒಟ್ಟಿಗೆ ಹೋಗಿದ್ದರೆ ಆ ಫ್ರೀಕ್ವೆನ್ಸಿಗೆ ತೊಂದರೆ. ಎಲ್ಲವೂ ಹೋಗಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ.

ಕೇಬಲ್ ವಿಷಯವನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಆಗಷ್ಟೇ ಬಂದಿದ್ದ ಒಂದು ಕುಟುಂಬದ ಮನೆಯಲ್ಲಿ ಬೂಸ್ಟರ್ ಹಾಕಿಯೂ ಚಿತ್ರ ಒಡೆಯುತ್ತಲೇ ಇತ್ತು. ಟಿವಿ ಹಿಂದಿನ ಪಿನ್ ಬಿಚ್ಚಿ ನೋಡಿದೆವು. ನಡುವೆ ತಾಮ್ರದ ತಂತಿ, ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಸಣ್ಣ ಎಳೆಗಳ ಜಾಲರಿ. ಆ ಜಾಲರಿಯ ಒಂದೇ ಒಂದು ಎಳೆ, ಕೂದಲಿನಷ್ಟು ತೆಳ್ಳಗಿನದು, ಬಾಗಿ ತಾಮ್ರದ ತಂತಿಗೆ ತಾಗಿಕೊಂಡಿತ್ತು. ಅದನ್ನು ಕತ್ತರಿಸಿ ಪಿನ್ ಕೂರಿಸಿದೆವು, ಬೂಸ್ಟರ್ ತೆಗೆದೆವು, ಎಲ್ಲ ಚಾನೆಲ್ ಬಂದವು. ತಾಮ್ರ ಹಸಿರುಗಟ್ಟಿದ್ದರೆ ಒಳಗೆ ನೀರು ಇಳಿದಿದೆ ಅಂತ, ಆಗ ಕೇಬಲ್ಲೇ ಬದಲಿಸಬೇಕು. ಎರಡು ಟಿವಿಗೆ ಸ್ಪ್ಲಿಟರ್ ಹಾಕಿದ್ದರೆ ಒಂದೊಂದಕ್ಕೆ ಅರ್ಧಕ್ಕಿಂತಲೂ ಸ್ವಲ್ಪ ಕಮ್ಮಿ ಸಿಗ್ನಲ್ ಹೋಗುತ್ತದೆ, ಅದನ್ನು ತೆಗೆದು ಒಮ್ಮೆ ಪರೀಕ್ಷೆ ಮಾಡಿ.

ಬಾಡಿಗೆ ಮನೆಯ ಮೂಲೆಯಲ್ಲೋ ಅಟ್ಟದಲ್ಲೋ ಆಂಟೆನಾ ಕೇಬಲ್ ಸಿಕ್ಕಿಸಿದ ಸಣ್ಣ ಅಡಾಪ್ಟರ್ ಇರಬಹುದು. ಸುಮ್ನೆ ಕರೆಂಟ್ ತಿನ್ನುತ್ತದೆ ಅಂತ ಕಿತ್ತಿಡಬೇಡಿ. ಆಂಟೆನಾ ಬುಡದಲ್ಲಿರುವ ಬೂಸ್ಟರಿಗೆ ಕರೆಂಟ್ ಹೋಗುವುದು ಅದೇ ಕೇಬಲ್ ಮೂಲಕ. ಅಂದಹಾಗೆ, ಬೂಸ್ಟರ್ ಅಲ್ಲೇ ಇರಬೇಕು. ಟಿವಿ ಹತ್ತಿರ ಇಟ್ಟರೆ ಕೇಬಲ್ಲಿನಲ್ಲಿ ಹಾಳಾಗಿ ಬಂದದ್ದನ್ನೇ ದೊಡ್ಡದು ಮಾಡುತ್ತದೆ.

ಪಕ್ಕದಲ್ಲಿ ಹೊಸ ಮೊಬೈಲ್ ಟವರ್ ಬಂದಿದೆಯಾ? ಮೊದಲು ಟಿವಿಗಿದ್ದ 700 ಮೆಗಾಹರ್ಟ್ಸ್ ಸುತ್ತಲಿನ ಜಾಗ ಹಲವು ದೇಶಗಳಲ್ಲಿ ಮೊಬೈಲಿಗೆ ಹೋಗಿದೆ. ಯುರೋಪಿನಲ್ಲಿ ಈಗ ಟಿವಿಯ ಯುಎಚ್‌ಎಫ್ (ಟಿವಿ ಬರುವ ಫ್ರೀಕ್ವೆನ್ಸಿಗಳ ಪಟ್ಟಿ) 694ಕ್ಕೆ ನಿಲ್ಲುತ್ತದೆ, ಅಮೆರಿಕದಲ್ಲಿ 608ಕ್ಕೆ. ಆಂಟೆನಾಕ್ಕೂ ಬೂಸ್ಟರಿಗೂ ನಡುವೆ ಮೊಬೈಲ್ ಸಿಗ್ನಲ್ ತಡೆಯುವ ಒಂದು ಫಿಲ್ಟರ್ ಹಾಕಿದರೆ ಸಾಮಾನ್ಯವಾಗಿ ಸಾಕು. ಅಗ್ಗದ ಎಲ್‌ಇಡಿ ಬಲ್ಬ್, ಕಳಪೆ ಎಚ್‌ಡಿಎಂಐ ಕೇಬಲ್ ಕೂಡ ತೊಂದರೆ ಕೊಡುತ್ತವೆ. ಒಂದೊಂದನ್ನೇ ಆಫ್ ಮಾಡಿ, ಬಿಚ್ಚಿ ನೋಡಿ.

ಊರಿಂದ ಟಿವಿ ಹೊತ್ತು ತಂದವರೇ, ಡಿಜಿಟಲ್ ಪ್ರಸಾರದ ಪದ್ಧತಿ ಎಲ್ಲ ಕಡೆ ಒಂದೇ ಅಲ್ಲ: ಅಮೆರಿಕ, ಕೆನಡಾದಲ್ಲಿ ಎಟಿಎಸ್‌ಸಿ, ಯುರೋಪಿನಲ್ಲಿ ಡಿವಿಬಿ, ಜಪಾನಿನಲ್ಲಿ ಐಎಸ್‌ಡಿಬಿ. ಟಿವಿಯೊಳಗೆ ಸಿಗ್ನಲ್ ಹಿಡಿಯುವ ಟ್ಯೂನರ್ ಅಲ್ಲಿನ ಪದ್ಧತಿಗೆ ಹೊಂದದಿದ್ದರೆ ಎಷ್ಟು ಹುಡುಕಿದರೂ ಒಂದು ಚಾನೆಲ್ಲೂ ಸಿಗುವುದಿಲ್ಲ. ಬ್ರಿಟನ್‌ನಂಥ ಕಡೆ ಟಿವಿ ಲೈಸೆನ್ಸ್ ಬೇಕು, ಗೋಡೆಗೆ ಮೊಳೆ ಹೊಡೆಯಲು ಮಾಲೀಕರನ್ನು ಕೇಳಬೇಕು, ಅಷ್ಟು ಮಾಡಿಕೊಳ್ಳಿ.

ಇಂಟರ್ನೆಟ್ ಇದೆಯಲ್ಲ, ಆಂಟೆನಾ ಯಾಕೆ ಅಂತ ಕೇಳುತ್ತೀರಿ. ಕನ್ನಡಕ್ಕೆ ಇಂಟರ್ನೆಟ್ಟೇ ಬೇಕು, ಈ ಆಂಟೆನಾದಲ್ಲಿ ಕನ್ನಡ ಬರುವುದಿಲ್ಲ, ಆ ಕೊರತೆ ನನಗೆ ಇವತ್ತಿಗೂ ಇದೆ. ಆದರೆ ಪಕ್ಕದ ಬೀದಿಯ ಸುದ್ದಿ, ನಾಳೆ ಶಾಲೆಗೆ ರಜೆ ಕೊಡಿಸುವ ಹಿಮ, ಮಕ್ಕಳ ಗೆಳೆಯರು ಮಾತಾಡಿಕೊಳ್ಳುವ ಕಾರ್ಯಕ್ರಮ, ಇವೆಲ್ಲ ಇದರಲ್ಲಿ ಸಿಗುತ್ತವೆ. ನಾವು ಮಾತ್ರ ಅಲ್ಲಿನ ಸುದ್ದಿ ನೋಡುತ್ತಾ, ಮಕ್ಕಳು ಇಲ್ಲಿಯವರಾಗುತ್ತಾ ಹೋದರೆ ಒಂದೇ ಮನೆಯಲ್ಲಿ ಎರಡು ಊರಾಗುತ್ತವೆ. ಎಲ್ಲರೂ ಒಂದೇ ಪರದೆ ಮುಂದೆ ಕೂತು ನೋಡುವ ರೂಢಿಯನ್ನು ನಾವು ಬರುವಾಗ ಬಿಟ್ಟು ಬಂದೆವು. ಅದನ್ನು ವಾಪಸ್ ತರಲು ಸಂಜೆಯ ಸುದ್ದಿಯೊಂದು ಸಾಕು ಅಂತ ನನ್ನ ನಂಬಿಕೆ.

ಆಂಟೆನಾ ಕಡ್ಡಿಗಳು ಮಲಗಿರಬೇಕೋ ನಿಂತಿರಬೇಕೋ, ಯಾವ ಕಡೆ ತಿರುಗಿರಬೇಕೋ ತಿಳಿಯದಿದ್ದರೆ ಅಕ್ಕಪಕ್ಕದ ಮನೆಗಳ ಮೇಲೆ ನೋಡಿ. ಆದರೆ ಮಾಡು ಮಾತ್ರ ಹತ್ತಬೇಡಿ. ಆಂಟೆನಾ ಕೆಲಸದವರನ್ನು ಕರೆಸಿ, ನೀವು ಬರೆದಿಟ್ಟ ಸ್ಟ್ರೆಂತ್, ಕ್ವಾಲಿಟಿಯ ಆ ಎರಡು ಅಂಕಿಗಳನ್ನು ಮೊದಲು ಅವರಿಗೆ ಹೇಳಿ.