ಅಟ್ಟದ ಮೇಲಿದ್ದ ಕಂಪ್ಯೂಟರ್ ಎಬ್ಬಿಸಿದ್ದು ಹೀಗೆ

ತೀರ್ಥಹಳ್ಳಿ ಹತ್ತಿರ ನಮ್ಮ ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಏಳೆಂಟು ಮಳೆಗಾಲ ಕಳೆದ ಡೆಸ್ಕ್‌ಟಾಪ್ ಅದು. ಕೋರ್ 2 ಡುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್. "ಗುಜರಿಗೆ ಹಾಕು ಮಾರಾಯ" ಎಂದರು ದೊಡ್ಡಪ್ಪ. ನಮ್ಮ ಕಡೆ ಇಂಥವು ಕೆಟ್ಟಿರುವುದಕ್ಕಿಂತ ಥಂಡಿ ಹಿಡಿದಿರುವುದೇ ಜಾಸ್ತಿ ಅಂತ ನನ್ನ ಲೆಕ್ಕ.

ಅದಕ್ಕೇ, ಕೆಳಗಿಳಿಸಿದ ಕೂಡಲೇ ಪ್ಲಗ್ ಹಾಕಬೇಡಿ. ಪಕ್ಕದ ಮುಚ್ಚಳ ಬಿಚ್ಚಿ. ನನಗೆ ಸಿಕ್ಕಿದ್ದು ಎರಡು ಸತ್ತ ಜಿರಳೆ, ಹಲ್ಲಿ ಮೊಟ್ಟೆಯ ಸಿಪ್ಪೆ, ಹಿಂದಿನ ಫ್ಯಾನ್ ಜಾಲರಿಗೆ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು. ಒಣ ಪೇಂಟ್ ಬ್ರಷ್‌ನಲ್ಲಿ ಎಲ್ಲ ಗುಡಿಸಿದೆ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಆಮೇಲೆ ಎರಡು ದಿನ ಅಂಗಳದ ಬಿಸಿಲಿಗೆ, ಅಡಿಕೆ ಪಕ್ಕದಲ್ಲೇ ಇಟ್ಟೆ. ಬಚ್ಚಲೊಲೆ ಹತ್ತಿರ ಇಡು ಅಂದರು ದೊಡ್ಡಮ್ಮ. ಹೊಗೆ, ಮಸಿ ಬೇಡ ಅಂತ ನಾನೇ ಬಿಟ್ಟೆ.

ಬೋರ್ಡಿನ ಮೇಲೆ ನಿಂತ ಪುಟ್ಟ ಡಬ್ಬಿಗಳಂತಹ ಕೆಪಾಸಿಟರ್‌ಗಳನ್ನು ನೋಡಿ. ತಲೆ ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಬದಲಿಸದೆ ಮುಂದೆ ಹೋಗಬೇಡಿ. ಎಸ್‌ಎಂಪಿಎಸ್ ಎಂಬ, ಒಳಗೆಲ್ಲ ಕರೆಂಟ್ ಹಂಚುವ ಡಬ್ಬಿಯನ್ನಂತೂ ಬಿಚ್ಚಲೇಬಾರದು. ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.

ನನ್ನದು ಆನ್ ಆಯಿತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಜೊತೆಗೆ ಬೀಪ್, ಬೀಪ್. ಹೀಗಾದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ರ‍್ಯಾಮ್ ಪಟ್ಟಿ ತೆಗೆದು, ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ಎರಡು ಪಟ್ಟಿ ಇದ್ದರೆ ಒಂದೊಂದೇ ಹಾಕಿ ನೋಡಿ. ನನಗೆ ಮೂರನೇ ಸಲಕ್ಕೆ ಪರದೆ ಬೆಳಗಿತು. ದೊಡ್ಡಪ್ಪ ಎಲೆಯಡಿಕೆ ಅರ್ಧಕ್ಕೇ ಬಿಟ್ಟು ಎದ್ದು ಬಂದರು.

ಪ್ರೊಸೆಸರ್ ಮೇಲಿನ ಹಳೇ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಒರೆಸಿ, ತೊಗರಿಬೇಳೆಯಷ್ಟು ಹೊಸ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ಮೇಲಿನ ಫ್ಯಾನ್ ಕಡೆಗೆ ದಾಟಿಸುವ ಲೇಪ) ಇಟ್ಟೆ. ಅಷ್ಟೇ ಸಾಕು.

ಈಗ ಒಂದು ಚಿಲ್ಲರೆ ವಿಷಯ ನನ್ನ ಅರ್ಧ ದಿನ ತಿಂದದ್ದು. ಇಂಟರ್ನೆಟ್ ಬರುತ್ತಿದೆ, ಆದರೆ ಯಾವ ಸೈಟೂ ತೆರೆಯದು, ಸುರಕ್ಷಿತವಲ್ಲ ಅಂತ ಬೈಯುತ್ತದೆ. ಕೇಬಲ್ ಬದಲಿಸಿದೆ, ಮೋಡೆಮ್ ಬದಲಿಸಿದೆ. ಕೊನೆಗೆ ನೋಡಿದರೆ ಗಡಿಯಾರ ಎಷ್ಟೋ ವರ್ಷ ಹಿಂದಿತ್ತು! ಆ ಗಡಿಯಾರ ನಡೆಸುವ, ಬೋರ್ಡಿನ ಸಿಆರ್2032 ಬಿಲ್ಲೆ ಸೆಲ್ ಸತ್ತಿತ್ತು. ಅಂಗಡಿಯಿಂದ ಹೊಸದು ತಂದು ಹಾಕಿ, ತಾರೀಖು ಸರಿ ಮಾಡಿದ ಮೇಲೆ ಎಲ್ಲ ತೆರೆಯಿತು. ನೀವು ಇದನ್ನು ಮೊದಲೇ ಬದಲಿಸಿ.

ಹಳೇ ಹಾರ್ಡ್‌ಡಿಸ್ಕ್‌ನ ಫೋಟೋಗಳನ್ನು ಬೇರೆಡೆ ಇಳಿಸಿಕೊಳ್ಳಿ. ಆಮೇಲೆ ಅದರ ಬದಲು, ಅದಕ್ಕಿಂತ ವೇಗದ ಸಣ್ಣ ಸಾಟಾ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 4 ಜಿಬಿ ಮಾಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ನಲ್ಲೇ ಮುಗಿದಿದೆ, 11 ಇಂಥ ಯಂತ್ರಕ್ಕೆ ಒಗ್ಗುವುದಿಲ್ಲ. ನಾನು ವಿಂಡೋಸ್ ಬದಲು ಲುಬುಂಟು ಎಂಬ ಹಗುರವಾದ ಉಚಿತ ಲಿನಕ್ಸ್ ಹಾಕಿದೆ. ಕನ್ನಡ ಟೈಪಿಂಗೂ ಆಗುತ್ತದೆ. ಯೂಟ್ಯೂಬ್ ಸ್ವಲ್ಪ ತಡವರಿಸುತ್ತದೆ, ಅಡಿಕೆ ಧಾರಣೆ ನೋಡಲು ಏನೂ ತೊಂದರೆಯಿಲ್ಲ.

ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಸುಮ್ನೆ ಓಡಿಸಿಡಿ, ಆ ಬಿಸಿಗೆ ಒಳಗಿನ ಥಂಡಿ ಆರುತ್ತದೆ. ಗುಡುಗು ಕೇಳಿದರೆ ಪ್ಲಗ್ಗನ್ನೂ ಮೋಡೆಮ್ ವೈರನ್ನೂ ಎರಡನ್ನೂ ಕಿತ್ತಿಡಿ.